ನೀರಿನೊಳಗಿನ ಪ್ಲಾಸ್ಟಿಕ್ ಧೂಳಿಯೂ ಕಬ್ಬಿಣದ ಉಪಕಾರವೂ

ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ತಾಯಿತಂದೆಗಳು ನಮ್ಮನ್ನು ಕೇಳುವ ಪ್ರಶ್ನೆಗಳ ಸಾಲಿಗೆ ಹೊಸದೊಂದು ಬಂದು ಸೇರಿದೆ. ಕುಡಿಯುವ ನೀರಿನಲ್ಲಿಯೂ ಪ್ಲಾಸ್ಟಿಕ್ಕಿನ ಕಣಗಳಿವೆಯೆಂದು ವೃತ್ತಪತ್ರಿಕೆಗಳಲ್ಲಿ ಓದುತ್ತೇವಲ್ಲಾ, ಇದು ನಿಜವೇ? ನಿಜವಾಗಿದ್ದರೆ ಅವುಗಳನ್ನು ತೆಗೆಯುವ ಉಪಾಯ ಯಾವುದು? ಶಾಲೆಯ ನೀರನ್ನು ಬಿಡಿಸಿ ಅಂಗಡಿಯ ಬಾಟಲಿಯ ನೀರನ್ನು ಮಕ್ಕಳ ಕೈಗೆ ಕೊಟ್ಟು ಕಳುಹಿಸುವುದು ಒಳ್ಳೆಯದಲ್ಲವೇ? ಹೀಗೆ ಕೇಳುವವರ ಮನಸ್ಸಿನಲ್ಲಿ ನಿಜವಾದ ಕಳವಳವಿರುವುದರಿಂದ ಒಂದೆರಡು ಸಮಾಧಾನದ ಮಾತು ಹೇಳಿ ಕಳುಹಿಸುವುದು ಯುಕ್ತವಲ್ಲ. ವಿಷಯವನ್ನು ಬುಡದಿಂದಲೇ ವಿವರಿಸಬೇಕೆಂಬುದು ಈ ಲೇಖನದ ಉದ್ದೇಶ. ಇದಕ್ಕೆ ಬೇಕಾಗುವ ರಸಾಯನಶಾಸ್ತ್ರವು ಬಹು ಸ್ವಲ್ಪ. ಶಾಲೆಯನ್ನು ಬಿಟ್ಟು ಇಪ್ಪತ್ತು ಮೂವತ್ತು ವರ್ಷಗಳಾದ ಹಳೆಯ ವಿದ್ಯಾರ್ಥಿನಿಯರು ಆ ಪಾಠವನ್ನು ಮರೆತಿದ್ದರೂ ಚಿಂತೆಯಿಲ್ಲ. ಹಾಲು ಒಡೆಯುವುದನ್ನೂ ಬಗ್ಗಡ ನೀರು ತಿಳಿಯಾಗುವುದನ್ನೂ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುವುದು.

ಮೊದಲು ಈ ಕಣಗಳ ಪರಿಚಯವನ್ನು ಮಾಡಿಕೊಳ್ಳೋಣ. ಪ್ಲಾಸ್ಟಿಕ್ಕು ಮರದಂತೆ ಬೇಗನೆ ಕೊಳೆಯುವುದಿಲ್ಲ. ಕಬ್ಬಿಣದಂತೆ ತುಕ್ಕುಹಿಡಿದು ಮಣ್ಣಿನಲ್ಲಿ ಬೆರೆಯುವುದೂ ಇಲ್ಲ. ಅದು ಬಿಸಿಲಿಗೆ ಒಣಗಿ, ಅಲೆಗಳಿಗೆ ಸಿಕ್ಕಿ ಸವೆದು, ಚೂರುಚೂರಾಗಿ, ಕಡೆಗೆ ಧೂಳಿಯಾಗುತ್ತದೆ. ಧೂಳಿಯಾದ ಮೇಲೆಯೂ ಅದು ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ೨೦೦೪ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ರಿಚರ್ಡ್ ಥಾಮ್ಸನ್ ಎಂಬ ವಿಜ್ಞಾನಿಯು ತನ್ನ ಸಂಗಡಿಗರೊಡನೆ ಬ್ರಿಟನ್ನಿನ ಸಮುದ್ರತೀರದ ಮರಳಿನಲ್ಲಿಯೂ ಸಮುದ್ರದ ನೀರಿನಲ್ಲಿಯೂ ಇಂಥ ಕಣಗಳಿರುವುದನ್ನು ತೋರಿಸಿಕೊಟ್ಟ ತರುವಾಯ ಇವುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರು ಲೋಕದಲ್ಲಿ ಬಳಕೆಗೆ ಬಂದಿತು. ೫ ಮಿಲಿಮೀಟರಿಗಿಂತ ಚಿಕ್ಕದಾದ ಚೂರುಗಳಿಗೆಲ್ಲಾ ಈ ಹೆಸರು ಸಲ್ಲುತ್ತದೆ. ಆದುದರಿಂದ ಹೆಸರುಕಾಳಿನಷ್ಟು ದೊಡ್ಡ ಚೂರೂ ಈ ಗುಂಪಿಗೆ ಸೇರಿದೆ. ಸೂಕ್ಷ್ಮದರ್ಶಕವಿಲ್ಲದೆ ಕಾಣಲಾಗದ ಕಣವೂ ಸೇರಿದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವು ಸುಮಾರು ೭೦ ಮೈಕ್ರಾನ್ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಅಳತೆಗಳು ಮನಸ್ಸಿಗೆ ಹತ್ತುವುವು.

ಇಷ್ಟು ಧೂಳಿ ಎಲ್ಲಿಂದ ಬಂದಿತು? ೧೯೫೦ರಲ್ಲಿ ಲೋಕವೆಲ್ಲಾ ಸೇರಿ ತಯಾರಿಸಿದ ಪ್ಲಾಸ್ಟಿಕ್ಕು ಸುಮಾರು ೨೦ ಲಕ್ಷ ಟನ್ನು. ೨೦೧೫ರಲ್ಲಿ ಅದು ೩೮ ಕೋಟಿ ಟನ್ನಿಗೆ ಏರಿತ್ತು. ಬಿಸಾಡಿದ ಚೀಲ, ಲೋಟ, ಬಲೆ, ಹಗ್ಗಗಳು ಒಡೆದು ಕಣಗಳಾಗುವುದು ಒಂದು ದಾರಿ. ವಾಹನಗಳ ಟಯರುಗಳು ರಸ್ತೆಯ ಮೇಲೆ ಸವೆಯುವುದು ಎರಡನೆಯ ದಾರಿ. ಮೂರನೆಯದು ನಮ್ಮ ಮನೆಗಳಲ್ಲಿಯೇ ಇದೆ. ಪಾಲಿಯೆಸ್ಟರ್, ನೈಲಾನ್, ಆಕ್ರಿಲಿಕ್ ಎಂಬ ಬಟ್ಟೆಗಳೆಲ್ಲಾ ಪ್ಲಾಸ್ಟಿಕ್ಕಿನ ನೂಲಿನಿಂದಲೇ ನೆಯ್ದವುಗಳು; ಒಗೆದಾಗಲೆಲ್ಲಾ ಅವುಗಳಿಂದ ಸಣ್ಣ ಎಳೆಗಳು ಕಳಚಿ ನೀರಿನೊಡನೆ ಹರಿದುಹೋಗುತ್ತವೆ. ಯಂತ್ರದಲ್ಲಿ ೬ ಕಿಲೋಗ್ರಾಂ ಆಕ್ರಿಲಿಕ್ ಬಟ್ಟೆಯನ್ನು ಒಂದಾವರ್ತಿ ಒಗೆದರೆ ೭ ಲಕ್ಷಕ್ಕಿಂತ ಹೆಚ್ಚು ಎಳೆಗಳು ಉದುರಬಹುದೆಂದು ೨೦೧೬ರಲ್ಲಿ ಪ್ಲಿಮತ್ತಿನ ಸಂಶೋಧಕರೇ ಲೆಕ್ಕಹಾಕಿ ತಿಳಿಸಿದರು. ಇದು ದೂರದೇಶದ ಸಮಾಚಾರ ಮಾತ್ರವೆಂದು ಭಾವಿಸತಕ್ಕದ್ದಲ್ಲ. ಪಶ್ಚಿಮಘಟ್ಟದಲ್ಲಿ ಹುಟ್ಟಿ ಮಂಗಳೂರಿನ ಬಳಿ ಸಮುದ್ರವನ್ನು ಸೇರುವ ನೇತ್ರಾವತೀ ನದಿಯನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ಘನಮೀಟರು ನೀರಿಗೆ ಸರಾಸರಿ ೨೮೮ ಚೂರುಗಳು ದೊರೆತವೆಂದು ಹೇಳಿದೆ.

ಹಾಗಾದರೆ ಬಗ್ಗಡ ನೀರನ್ನು ಕೊಡದಲ್ಲಿ ಇಟ್ಟು ಮಣ್ಣನ್ನು ಇಳಿಸುವಂತೆ ಈ ಧೂಳಿಯನ್ನೂ ಇಳಿಸಿಬಿಡಬಾರದೇ ಎಂದು ಕೇಳಬಹುದು. ಇದಕ್ಕೆ ಮೂರು ಅಡ್ಡಿಗಳಿವೆ. ಮೊದಲನೆಯದು ಗಾತ್ರ. ನೀರಿನಲ್ಲಿ ಕಣವು ಇಳಿಯುವ ವೇಗವು ಅದರ ಗಾತ್ರದ ವರ್ಗಕ್ಕೆ ಸರಿಯಾಗಿರುವುದೆಂಬ ನಿಯಮವನ್ನು ೧೮೫೧ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞನು ಕಂಡುಹಿಡಿದನು. ಕಣವು ಹತ್ತರಷ್ಟು ಚಿಕ್ಕದಾದರೆ ಇಳಿಯುವುದಕ್ಕೆ ನೂರರಷ್ಟು ಹೊತ್ತು ಬೇಕು. ೧೦೦ ಮೈಕ್ರಾನ್ ಗಾತ್ರದ ಮರಳಿನ ಕಣವು ಒಂದು ಮೀಟರು ಆಳಕ್ಕೆ ಸುಮಾರು ೨ ನಿಮಿಷದಲ್ಲಿ ಇಳಿದರೆ, ಒಂದು ಮೈಕ್ರಾನಿನ ಕಣವು ಅಷ್ಟೇ ದೂರ ಇಳಿಯುವುದಕ್ಕೆ ಹೆಚ್ಚುಕಡಿಮೆ ೧೩ ದಿನಗಳು ಹಿಡಿಯುತ್ತವೆ. ಎರಡನೆಯದು ತೂಕ. ಪ್ಲಾಸ್ಟಿಕ್ಕು ಮರಳಿನಷ್ಟು ಭಾರವಾದುದಲ್ಲ. ಚೀಲಗಳನ್ನು ಮಾಡುವ ಪಾಲಿಥೀನು ನೀರಿಗಿಂತ ಹಗುರವಾಗಿರುವುದರಿಂದ ತೇಲುತ್ತದೆ. ಪಾಲಿಸ್ಟೈರೀನು ನೀರಿನಷ್ಟೇ ತೂಕವೆನ್ನಬಹುದು. ಬಾಟಲಿಗಳನ್ನು ಮಾಡುವ ಜಾತಿಯದು ಮಾತ್ರ ನೀರಿಗಿಂತ ಭಾರವಾದುದು.

ಮೂರನೆಯ ಅಡ್ಡಿಯು ಎಲ್ಲಕ್ಕಿಂತಲೂ ಮುಖ್ಯವಾದುದು. ನೀರಿನಲ್ಲಿರುವ ಮಣ್ಣಿನ ಕಣಗಳಾಗಲಿ ಪ್ಲಾಸ್ಟಿಕ್ಕಿನ ಕಣಗಳಾಗಲಿ ಸಾಮಾನ್ಯವಾಗಿ ತಮ್ಮ ಮೈಮೇಲೆ ಸ್ವಲ್ಪ ಋಣವಿದ್ಯುತ್ತನ್ನು ಹೊತ್ತಿರುತ್ತವೆ. ಒಂದೇ ಜಾತಿಯ ವಿದ್ಯುತ್ತುಳ್ಳ ವಸ್ತುಗಳು ಪರಸ್ಪರ ದೂರ ಸರಿಯುವುವೆಂಬುದು ನಿಮಗೆ ತಿಳಿದಿರುವ ಪಾಠ. ಆದುದರಿಂದ ಈ ಕಣಗಳು ಒಂದನ್ನೊಂದು ಮುಟ್ಟದೆ, ಕೂಡಿ ದೊಡ್ಡದಾಗದೆ, ತಾವಿದ್ದ ಹಾಗೆಯೇ ನೀರಿನಲ್ಲಿ ಅಲೆಯುತ್ತಾ ಇರುತ್ತವೆ. ಇವುಗಳೊಳಗಿನ ಈ ಹಗೆತನವನ್ನು ಬಿಡಿಸಿದ ಹೊರತು ನೀರು ತಿಳಿಯಾಗಲಾರದು.

ಈ ಹಗೆತನವನ್ನು ಬಿಡಿಸುವ ಕೆಲಸವನ್ನು ಗೃಹಿಣಿಯರು ಅಡಿಗೆಮನೆಯಲ್ಲಿ ಎಷ್ಟೋ ಸಾರಿ ಮಾಡಿದ್ದಾರೆ. ಹಾಲಿನಲ್ಲಿರುವ ಕೇಸೀನ್ ಎಂಬ ಪದಾರ್ಥದ ಕಣಗಳ ಮೈಮೇಲೂ ಋಣವಿದ್ಯುತ್ತು ಇರುವುದರಿಂದ ಅವು ಬೇರೆಬೇರೆಯಾಗಿ ತೇಲುತ್ತಿದ್ದು, ಹಾಲು ಹಾಲಾಗಿಯೇ ಇರುತ್ತದೆ. ಬಿಸಿ ಹಾಲಿಗೆ ನಿಂಬೆಯ ರಸವನ್ನು ಹಿಂಡಿದೊಡನೆ ಹುಳಿಯಲ್ಲಿರುವ ಧನವಿದ್ಯುತ್ತು ಅದನ್ನು ಅಳಿಸಿಬಿಡುವುದರಿಂದ ಆ ಕಣಗಳು ಒಟ್ಟುಗೂಡಿ ಗರಣೆಗಟ್ಟುತ್ತವೆ, ತಿಳಿನೀರು ಪ್ರತ್ಯೇಕವಾಗುತ್ತದೆ. ಬಗ್ಗಡ ನೀರಿಗೆ ಪಟಿಕವನ್ನು ತಿರುಗಿಸಿದಾಗ ನಡೆಯುವುದೂ ಇದೇ. ಪಟಿಕದಲ್ಲಿ ಈ ಕೆಲಸವನ್ನು ಮಾಡುವುದು ಅಲ್ಯೂಮಿನಿಯಂ. ಅದರ ಸ್ಥಾನದಲ್ಲಿ ಕಬ್ಬಿಣದ ಲವಣಗಳನ್ನು ಉಪಯೋಗಿಸುವ ಪದ್ಧತಿಯೇ ನಮ್ಮ ಇಂದಿನ ವಿಷಯ.

ಕಬ್ಬಿಣದ ಲವಣಗಳು ನಮಗೆ ಅಪರಿಚಿತವಾದುವಲ್ಲ. ಹಿಂದಿನ ಕಾಲದಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಸಿ ಮಾಡುತ್ತಿದ್ದರು. ಆ ಅನ್ನಭೇದಿಯೇ ಕಬ್ಬಿಣದ ಸಲ್ಫೇಟು. ನೀರನ್ನು ಶುದ್ಧಮಾಡುವುದಕ್ಕೆ ಅದೂ ಉಪಯೋಗದಲ್ಲಿದೆ. ಫೆರಿಕ್ ಸಲ್ಫೇಟು, ಫೆರಿಕ್ ಕ್ಲೋರೈಡು ಎಂಬವುಗಳು ಅದಕ್ಕಿಂತಲೂ ಹೆಚ್ಚಾಗಿ ಉಪಯೋಗದಲ್ಲಿವೆ. ಇವುಗಳನ್ನು ನೀರಿಗೆ ಹಾಕಿದಾಗ ಎರಡು ವಿಧವಾದ ಕಾರ್ಯಗಳು ನಡೆಯುತ್ತವೆ.

ಮೊದಲನೆಯದು, ವಿದ್ಯುತ್ತನ್ನು ಅಳಿಸುವ ಕಾರ್ಯ. ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಕಣಕ್ಕೆ ಧನವಿದ್ಯುತ್ತು ಒಂದೇ ಅಂಶ. ಫೆರಿಕ್ ಲವಣದಲ್ಲಿರುವ ಕಬ್ಬಿಣದ ಕಣಕ್ಕಾದರೋ ಮೂರು ಅಂಶ. ಮೂರು ಅಂಶವಿದ್ದರೆ ಶಕ್ತಿಯೂ ಮೂರರಷ್ಟೇ ಇರಬಹುದೆಂದು ನಾವು ಊಹಿಸುತ್ತೇವೆ. ಆದರೆ ೧೮೮೨ರಲ್ಲಿ ಶುಲ್ಜೆಯೂ ೧೯೦೦ರಲ್ಲಿ ಹಾರ್ಡಿಯೂ ಪ್ರಯೋಗಗಳಿಂದ ತೋರಿಸಿದ ನಿಯಮದ ಪ್ರಕಾರ, ಅಂಶಗಳು ಹೆಚ್ಚಿದಂತೆ ಗರಣೆಗಟ್ಟಿಸುವ ಶಕ್ತಿಯು ಅತ್ಯಧಿಕವಾಗಿ ಹೆಚ್ಚುತ್ತದೆ. ಮೂರು ಅಂಶವುಳ್ಳ ಕಣದ ಶಕ್ತಿಯು ಒಂದು ಅಂಶವುಳ್ಳದರ ಶಕ್ತಿಗಿಂತ ಲೆಕ್ಕದ ಮೇರೆಗೆ ೭೦೦ರಷ್ಟಕ್ಕೂ ಮಿಗಿಲಾಗುತ್ತದೆ. ಆದಕಾರಣ ಸ್ವಲ್ಪವೇ ಕಬ್ಬಿಣವು ಬಹಳ ನೀರಿಗೆ ಸಾಕಾಗುತ್ತದೆ.

ಎರಡನೆಯದು, ಗುಡಿಸುವ ಕಾರ್ಯ. ಫೆರಿಕ್ ಲವಣವು ನೀರಿನೊಡನೆ ಸೇರಿ ಫೆರಿಕ್ ಹೈಡ್ರಾಕ್ಸೈಡು ಎಂಬ ಕಂದುಬಣ್ಣದ ಪದಾರ್ಥವಾಗಿ ಮಾರ್ಪಡುತ್ತದೆ. ನಮ್ಮ ಕರಾವಳಿಯಲ್ಲಿ ಕೆಲವು ಮುರಕಲ್ಲಿನ ಬಾವಿಗಳ ನೀರನ್ನು ರಾತ್ರಿಯೆಲ್ಲಾ ಪಾತ್ರೆಯಲ್ಲಿ ಇಟ್ಟರೆ ತಳದಲ್ಲಿ ಕೆಂಪನೆಯ ಮಡ್ಡಿ ಕೂರುವುದನ್ನು ನೀವು ನೋಡಿರಬಹುದು. ಅದೂ ಈ ಜಾತಿಯದೇ. ಇದು ನೀರಿನಲ್ಲಿ ಕರಗದೆ, ಬಿಡಿಸಿದ ಹತ್ತಿಯಂತೆ ಸಡಿಲವಾದ ಗರಣೆಗಳಾಗಿ ಬೆಳೆಯುತ್ತದೆ. ಬೆಳೆಯುವಾಗ ದಾರಿಯಲ್ಲಿ ಸಿಕ್ಕಿದ ಮಣ್ಣನ್ನೂ ಪಾಚಿಯನ್ನೂ ಕ್ರಿಮಿಗಳನ್ನೂ ಪ್ಲಾಸ್ಟಿಕ್ ಧೂಳಿಯನ್ನೂ ತನ್ನೊಳಗೆ ಸಿಕ್ಕಿಸಿಕೊಂಡು, ಭಾರವಾಗಿ, ತಳಕ್ಕೆ ಇಳಿಯುತ್ತದೆ. ತಾನಾಗಿ ಮುಳುಗಲಾರದ ಕಣವನ್ನು ಮುಳುಗುವ ವಸ್ತುವಿಗೆ ಕಟ್ಟಿ ಮುಳುಗಿಸುವುದೇ ಇದರ ರಹಸ್ಯ.

ಜಲಶುದ್ಧೀಕರಣಾಲಯದಲ್ಲಿ ಈ ಕೆಲಸವು ಕ್ರಮವಾಗಿ ನಡೆಯುತ್ತದೆ. ಲವಣದ ದ್ರಾವಣವನ್ನು ಹಾಕಿ ಸುಮಾರು ಒಂದು ನಿಮಿಷದ ತನಕ ನೀರನ್ನು ರಭಸದಿಂದ ಕಲಕುತ್ತಾರೆ. ಇದರಿಂದ ದ್ರಾವಣವು ಎಲ್ಲೆಲ್ಲಿಯೂ ಹರಡುತ್ತದೆ. ಅನಂತರ ಇಪ್ಪತ್ತು ಮೂವತ್ತು ನಿಮಿಷ ಮೆಲ್ಲಗೆ ಕಲಕುತ್ತಾರೆ. ಆಗ ಗರಣೆಗಳು ಒಂದಕ್ಕೊಂದು ತಾಗಿ ದೊಡ್ಡವಾಗುತ್ತವೆ. ರಭಸವಾಗಿ ಕಲಕಿದರೆ ಕಟ್ಟಿದ ಗರಣೆಯೇ ಒಡೆದುಹೋಗುವುದು. ಬಳಿಕ ಕೆಲವು ಗಂಟೆಗಳ ಕಾಲ ದೊಡ್ಡ ತೊಟ್ಟಿಗಳಲ್ಲಿ ನೀರನ್ನು ತಂಗಗೊಟ್ಟು, ಮೇಲಿನ ತಿಳಿಯನ್ನು ಮರಳಿನ ಹಾಸಿನ ಮೂಲಕ ಸೋಸಿ, ಕೊನೆಗೆ ಕ್ಲೋರಿನ್ ಸೇರಿಸಿ ಊರಿಗೆ ಬಿಡುತ್ತಾರೆ.

ಈ ವಿದ್ಯೆಯ ಚರಿತ್ರೆಯಲ್ಲಿ ಒಂದು ವಿಚಿತ್ರ ಸಂಗತಿಯಿದೆ. ನೀರನ್ನು ತಿಳಿಮಾಡುವ ವಸ್ತುಗಳನ್ನು ನಮ್ಮ ಹಿರಿಯರು ಬಹು ಪೂರ್ವದಿಂದ ಬಲ್ಲರು. ಸುಶ್ರುತಸಂಹಿತೆಯಲ್ಲಿ ಅಂಥ ಏಳು ವಸ್ತುಗಳ ಪಟ್ಟಿಯಿದ್ದು, ಅದರಲ್ಲಿ ಮೊದಲನೆಯದು ಕತಕ, ಅಂದರೆ ಚಿಲ್ಲದ ಬೀಜ. ಆದರೆ ಊರಿಗೆ ಊರೇ ಕುಡಿಯುವ ನೀರನ್ನು ಯಂತ್ರದ ಸೋಸುಗೆಗೆ ಮುಂಚೆ ಕಬ್ಬಿಣದ ಲವಣದಿಂದ ಗರಣೆಗಟ್ಟಿಸುವ ಪದ್ಧತಿಗೆ ಅಮೆರಿಕಾ ದೇಶದಲ್ಲಿ ೧೮೮೪ನೆಯ ಇಸವಿಯ ಫೆಬ್ರವರಿಯಲ್ಲಿ ಸನ್ನದು ಪಡೆದವನು ಐಸಾಯ ಸ್ಮಿತ್ ಹಯಟ್ ಎಂಬವನು. ಅವನು ಹೇಳಿದ ದ್ರವ್ಯವು ಇಂದು ನಾವು ಫೆರಿಕ್ ಕ್ಲೋರೈಡು ಎನ್ನುವುದೇ. ಈ ಐಸಾಯನೂ ಅವನ ತಮ್ಮನಾದ ಜಾನ್ ವೆಸ್ಲಿ ಹಯಟನೂ ಸೇರಿ ಅದಕ್ಕಿಂತ ಹದಿನಾಲ್ಕು ವರ್ಷಗಳ ಮುಂಚೆ, ೧೮೭೦ರಲ್ಲಿ, ಇನ್ನೊಂದು ಸನ್ನದನ್ನು ಪಡೆದಿದ್ದರು. ಅದು ಹತ್ತಿಯಿಂದ ತಯಾರಾದ ಒಂದು ಪದಾರ್ಥಕ್ಕೆ ಕರ್ಪೂರವನ್ನು ಬೆರೆಸಿ ಮಾಡುವ ಸೆಲ್ಯುಲಾಯ್ಡಿನ ಸನ್ನದು. ಬಿಲಿಯರ್ಡ್ಸ್ ಆಟದ ಚೆಂಡುಗಳಿಗೆ ಆನೆಯ ದಂತದ ಬದಲಾಗಿ ಬೇರೊಂದು ವಸ್ತುವನ್ನು ಹುಡುಕುವ ಪ್ರಯತ್ನದಿಂದ ಹುಟ್ಟಿದ ಈ ಸೆಲ್ಯುಲಾಯ್ಡು, ಬಾಚಣಿಗೆ ಬೊಂಬೆ ಮುಂತಾದುವುಗಳಾಗಿ ಮನೆಮನೆಯನ್ನು ಸೇರಿ, ವ್ಯಾಪಾರದಲ್ಲಿ ಚೆನ್ನಾಗಿ ನೆಲೆಯೂರಿದ ಪ್ರಥಮ ಪ್ಲಾಸ್ಟಿಕ್ಕೆಂದು ಪ್ರಸಿದ್ಧವಾಯಿತು. ಹೀಗೆ ಪ್ಲಾಸ್ಟಿಕ್ಕಿನ ಯುಗಕ್ಕೆ ಬಾಗಿಲು ತೆರೆದ ಮನೆತನದಿಂದಲೇ ಕಬ್ಬಿಣದಿಂದ ನೀರನ್ನು ತೊಳೆಯುವ ಉಪಾಯವೂ ಹೊರಟಿತು. ಒಂದು ದಿನ ಎರಡನೆಯದು ಮೊದಲನೆಯದರ ಧೂಳಿಯನ್ನು ತೆಗೆಯಬೇಕಾದೀತೆಂದು ಆ ಸಹೋದರರು ಕನಸಿನಲ್ಲಿಯೂ ಎಣಿಸಿರಲಾರರು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಮಣ್ಣಿಗಾಗಿ ಏರ್ಪಟ್ಟ ಈ ಉಪಾಯವು ಪ್ಲಾಸ್ಟಿಕ್ಕಿಗೂ ಫಲಿಸುವುದೇ? ೨೦೧೯ರಲ್ಲಿ ಚೀನಾ ದೇಶದ ಸಂಶೋಧಕರು ಪಾಲಿಥೀನಿನ ಕಣಗಳನ್ನು ನೀರಿನಲ್ಲಿ ಬೆರೆಸಿ ಫೆರಿಕ್ ಕ್ಲೋರೈಡಿನಿಂದ ಪರೀಕ್ಷಿಸಿದಾಗ, ಬರಿಯ ಕಬ್ಬಿಣದಿಂದ ನೂರಕ್ಕೆ ೧೫ರಷ್ಟು ಕಣಗಳೂ ಹೋಗಲಿಲ್ಲ. ಹಗುರವಾದ ಪಾಲಿಥೀನು ಗರಣೆಗೆ ಸರಿಯಾಗಿ ಅಂಟದೆ ಮೇಲೆಯೇ ಉಳಿಯಿತು. ಆದರೆ ಪಾಲಿಯಾಕ್ರಿಲಮೈಡ್ ಎಂಬ, ನೂಲಿನಂತೆ ಉದ್ದವಾದ ಅಣುಗಳುಳ್ಳ ದ್ರವ್ಯವನ್ನು ಸಾಕಷ್ಟು ಸೇರಿಸಿದಾಗ ಆ ನೂಲುಗಳು ಗರಣೆಯನ್ನೂ ಕಣಗಳನ್ನೂ ಹೆಣೆದು ಕಟ್ಟಿದ್ದರಿಂದ, ಅರ್ಧ ಮಿಲಿಮೀಟರಿಗಿಂತ ಚಿಕ್ಕವಾದ ಕಣಗಳಲ್ಲಿ ನೂರಕ್ಕೆ ೯೦ರಷ್ಟು ಹೊರಟುಹೋದವು. ದೊಡ್ಡ ಕಣಗಳಿಗಿಂತ ಚಿಕ್ಕ ಕಣಗಳೇ ಹೆಚ್ಚಾಗಿ ಹೋದವೆಂಬುದು ಆ ಪರೀಕ್ಷೆಯಲ್ಲಿ ಕಂಡ ಇನ್ನೊಂದು ವಿಶೇಷ.

ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ವಿಜ್ಞಾನದ ಕೊಠಡಿಯಲ್ಲಿ ಇದರ ಒಂದು ಸಣ್ಣ ರೂಪವನ್ನು ತಮ್ಮ ಕಣ್ಣಿನಿಂದಲೇ ನೋಡಿದರು. ಒಡೆದ ಪ್ಲಾಸ್ಟಿಕ್ ಬಕೆಟ್ಟಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಬಂದ ಪುಡಿಯನ್ನು ಎರಡು ಗಾಜಿನ ಜಾಡಿಗಳಲ್ಲಿ ಹಾಕಿ, ಒಂದರಲ್ಲಿ ಸ್ವಚ್ಛವಾದ ನೀರನ್ನೂ ಇನ್ನೊಂದರಲ್ಲಿ ಹೊಳೆಯ ಬಗ್ಗಡ ನೀರನ್ನೂ ತುಂಬಿಸಿ, ಉಪಾಧ್ಯಾಯಿನಿಯ ಕೈಯಿಂದ ಎರಡಕ್ಕೂ ಫೆರಿಕ್ ಕ್ಲೋರೈಡಿನ ಕೆಲವು ಹನಿಗಳನ್ನು ಹಾಕಿಸಿ, ಗಾಜಿನ ಕಡ್ಡಿಯಿಂದ ಕಲಕಿದರು. ಬಗ್ಗಡ ನೀರಿನ ಜಾಡಿಯಲ್ಲಿ ಮಣ್ಣು ಗರಣೆಗಟ್ಟಿ, ಪುಡಿಯಲ್ಲಿ ಬಹು ಪಾಲನ್ನು ಸುತ್ತಿಕೊಂಡು ಇಳಿಯಿತು. ಸ್ವಚ್ಛವಾದ ನೀರಿನ ಜಾಡಿಯಲ್ಲಿ ಪುಡಿಯ ಹೆಚ್ಚು ಪಾಲು ಮೇಲೆಯೇ ಉಳಿಯಿತು. "ಮಣ್ಣು ನೀರನ್ನು ಕೆಡಿಸುತ್ತದೆಂದು ತಿಳಿದಿದ್ದೆವು; ಇಲ್ಲಿ ಅದೇ ಸಹಾಯಮಾಡಿತಲ್ಲಾ, ಟೀಚರ್" ಎಂದು ಒಬ್ಬಳು ಹೇಳಿದಳು. ಅವಳ ಮಾತು ಸರಿಯಾದುದೇ. ಗರಣೆ ಕಟ್ಟುವುದಕ್ಕೆ ಕಣಗಳು ಒಂದಕ್ಕೊಂದು ತಾಗಬೇಕು; ತೀರ ತಿಳಿಯಾದ ನೀರಿನಲ್ಲಿ ತಾಗುವುದಕ್ಕೆ ಕಣಗಳೇ ಕಡಿಮೆ.

ಪ್ರಯೋಗಶಾಲೆಯ ಮಾತು ಹೀಗಿರಲಾಗಿ, ಊರಿನ ನೀರಿನ ಲೆಕ್ಕವನ್ನೂ ನೋಡಬೇಕು. ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೂರೋಪಿನ ಚೆಕ್ ದೇಶದ ಮೂರು ಶುದ್ಧೀಕರಣಾಲಯಗಳ ನೀರನ್ನು ಒಂದು ಮೈಕ್ರಾನಿನ ಕಣದವರೆಗೂ ಎಣಿಸಿದರು. ಒಳಗೆ ಬರುವ ನೀರಿನಲ್ಲಿ ಲೀಟರಿಗೆ ಸರಾಸರಿ ೧೪೭೩ರಿಂದ ೩೬೦೫ರ ವರೆಗೆ ಕಣಗಳಿದ್ದವು. ಶುದ್ಧಿಯಾಗಿ ಹೊರಡುವ ನೀರಿನಲ್ಲಿ ೩೩೮ರಿಂದ ೬೨೮ರ ವರೆಗೆ ಉಳಿದಿದ್ದವು. ಅಂದರೆ ಗರಣೆಗಟ್ಟಿಸುವುದು, ಸೋಸುವುದು ಮುಂತಾದ ಎಲ್ಲಾ ಕ್ರಮಗಳೂ ಸೇರಿ ನೂರಕ್ಕೆ ೭೦ರಿಂದ ೮೩ರಷ್ಟನ್ನು ತೆಗೆದವು. ಉಳಿದ ಕಣಗಳಲ್ಲಿ ಬಹುತೇಕ ಎಲ್ಲವೂ ೧೦ ಮೈಕ್ರಾನಿಗಿಂತ ಚಿಕ್ಕವು. ಪ್ಲಾಸ್ಟಿಕ್ಕನ್ನು ಲಕ್ಷ್ಯದಲ್ಲಿಟ್ಟು ಕಟ್ಟಿದ ಸ್ಥಾವರಗಳು ಇವಲ್ಲವೆಂಬುದನ್ನು ಎಣಿಸಿದರೆ ಇದು ಸಣ್ಣ ಉಪಕಾರವಲ್ಲ. ಆದರೆ ಸಂಪೂರ್ಣವಾದ ಉಪಕಾರವೂ ಅಲ್ಲ.

ಪಟಿಕಕ್ಕೂ ಕಬ್ಬಿಣಕ್ಕೂ ಇರುವ ತ್ಯಾಸವನ್ನು ಕೆಲವರು ಕೇಳಬಹುದು. ಕಬ್ಬಿಣದ ಗರಣೆಯು ಹೆಚ್ಚು ಭಾರವಾದುದು. ನೀರಿನ ಹುಳಿ ಅಥವಾ ಕ್ಷಾರಗುಣವು ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಪಟಿಕಕ್ಕಿಂತ ವಿಶಾಲವಾದ ಮೇರೆಯೊಳಗೆ ಕೆಲಸಮಾಡುತ್ತದೆ. ಯೂರೋಪಿನಲ್ಲಿ ಚರಂಡಿಯ ನೀರಿನಿಂದ ರಂಜಕವನ್ನು ತೆಗೆಯುವುದಕ್ಕೂ ಕಬ್ಬಿಣದ ಲವಣಗಳನ್ನೇ ಬಹಳವಾಗಿ ಉಪಯೋಗಿಸುತ್ತಾರೆ. ಆದರೆ ಈ ಲವಣಗಳು ಪಾತ್ರೆಗಳನ್ನೂ ಯಂತ್ರಗಳನ್ನೂ ತಿನ್ನುತ್ತವೆ. ಲೀಟರಿಗೆ ೦.೩ ಮಿಲಿಗ್ರಾಮಿಗಿಂತ ಹೆಚ್ಚು ಕಬ್ಬಿಣವು ನೀರಿನಲ್ಲಿ ಉಳಿದರೆ ಒಗೆದ ಬಟ್ಟೆಗೆ ಕಲೆ ಹತ್ತುತ್ತದೆ. ಚೀನಾದ ಅದೇ ಸಂಶೋಧಕರ ಇನ್ನೊಂದು ಪರೀಕ್ಷೆಯಲ್ಲಿ ಪಾಲಿಥೀನಿನ ವಿಷಯದಲ್ಲಿ ಅಲ್ಯೂಮಿನಿಯಂ ಲವಣವೇ ಮೇಲಾಗಿ ಕಂಡಿತು. ಆದುದರಿಂದ ಯಾವುದು ಉತ್ತಮವೆಂಬುದು ಆಯಾ ಊರಿನ ನೀರನ್ನು ಪರೀಕ್ಷಿಸಿ ನಿಶ್ಚಯಿಸಬೇಕಾದ ವಿಷಯ.

ಹೊಸ ಉಪಾಯಗಳನ್ನು ಹುಡುಕುವವರೂ ಇದ್ದಾರೆ. ಐರ್ಲೆಂಡಿನ ಫಿಯಾನ್ ಫೆರೀರಾ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿಯು ೨೦೧೯ರಲ್ಲಿ ಎಣ್ಣೆಗೆ ಅಯಸ್ಕಾಂತವು ಸೆಳೆಯುವ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಬೆರೆಸಿ, ಆ ಎಣ್ಣೆಗೆ ಪ್ಲಾಸ್ಟಿಕ್ ಕಣಗಳನ್ನು ಅಂಟಿಸಿ, ಅಯಸ್ಕಾಂತದಿಂದ ಎರಡನ್ನೂ ಒಟ್ಟಿಗೆ ಎತ್ತಿ ತೆಗೆಯುವ ವಿಧಾನವನ್ನು ತೋರಿಸಿ, ಗೂಗಲ್ ವಿಜ್ಞಾನ ಪ್ರದರ್ಶನದಲ್ಲಿ ಪ್ರಥಮ ಬಹುಮಾನವನ್ನು ಪಡೆದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೨೪ರಲ್ಲಿ ಈ ಕಣಗಳನ್ನು ಹೀರಿಕೊಳ್ಳುವ ಒಂದು ಬಗೆಯ ಹೈಡ್ರೋಜೆಲನ್ನು ಸಿದ್ಧಪಡಿಸಿದರು. ನಮ್ಮ ಶಾಲೆಯಲ್ಲಿ ಕಲಿತ ಹುಡುಗಿಯೂ ಇಂಥ ಕೆಲಸಕ್ಕೆ ಕೈಹಾಕುವ ದಿನವು ಬರಲೆಂದು ನಾವು ಹಾರೈಸುತ್ತೇವೆ.

ಇಷ್ಟನ್ನು ಹೇಳಿದ ಮೇಲೆ, ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತನ್ನು ಹೇಳಬೇಕಾಗಿದೆ. ಕಬ್ಬಿಣವು ಪ್ಲಾಸ್ಟಿಕ್ಕನ್ನು ನಾಶಮಾಡುವುದಿಲ್ಲ, ಒಟ್ಟುಗೂಡಿಸುತ್ತದೆ ಅಷ್ಟೇ. ನೀರಿನಿಂದ ಹೋದದ್ದು ತೊಟ್ಟಿಯ ತಳದ ಕೆಸರಿನಲ್ಲಿರುತ್ತದೆ. ಆ ಕೆಸರನ್ನು ಎಲ್ಲಿ ಹಾಕುವುದು? ಯೂರೋಪಿನಲ್ಲಿ ಚರಂಡಿ ನೀರನ್ನು ಶುದ್ಧಮಾಡಿ ಉಳಿದ ಕೆಸರನ್ನು ಹೊಲಗಳಿಗೆ ಗೊಬ್ಬರವಾಗಿ ಹಾಕುವುದರಿಂದ ವರ್ಷಕ್ಕೆ ೬೩ ಸಾವಿರದಿಂದ ೪ ಲಕ್ಷ ೩೦ ಸಾವಿರ ಟನ್ನಿನ ವರೆಗೆ ಪ್ಲಾಸ್ಟಿಕ್ ಕಣಗಳು ಹೊಲವನ್ನು ಸೇರುತ್ತಿರಬಹುದೆಂದು ೨೦೧೬ರಲ್ಲಿ ಅಂದಾಜುಮಾಡಿದರು. ಹೀಗೆ ನೀರಿನಿಂದ ತೆಗೆದದ್ದು ಮಣ್ಣಿಗೆ ಹೋಗುತ್ತದೆ. ಇನ್ನು ತೆಗೆಯದೆ ಉಳಿಯುವ ಪಾಲೂ ಅಲ್ಪವಲ್ಲ. ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಯ ತೀರದ ಚರಂಡಿ ನೀರಿನ ಸ್ಥಾವರವೊಂದು ನೂರಕ್ಕೆ ೯೮ರಷ್ಟು ಕಣಗಳನ್ನು ತೆಗೆಯುತ್ತಿತ್ತೆಂದು ಅದೇ ವರ್ಷ ತಿಳಿದುಬಂದಿತು. ಹಾಗಿದ್ದರೂ ಉಳಿದ ಎರಡು ಪಾಲೇ ದಿನಕ್ಕೆ ಆರೂವರೆ ಕೋಟಿ ಕಣಗಳಾಗಿ ನದಿಗೆ ಹೋಗುತ್ತಿದ್ದವು. ಬರುವ ಪ್ರವಾಹವು ದೊಡ್ಡದಾಗಿರುವಾಗ ಎಷ್ಟೇ ಒಳ್ಳೆಯ ಜರಡಿಯಾದರೂ ಸೋಲಲೇಬೇಕು. ಆದುದರಿಂದ ಮೂಲದಲ್ಲಿ ಕಡಿಮೆಮಾಡುವುದೇ ನಿಜವಾದ ಪರಿಹಾರ.

ಆರೋಗ್ಯದ ವಿಷಯದಲ್ಲಿ ಭಯವನ್ನೂ ಹುಟ್ಟಿಸಬಾರದು, ಅಲಕ್ಷ್ಯವನ್ನೂ ಮಾಡಬಾರದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರ ತನ್ನ ವರದಿಯಲ್ಲಿ, ೧೫೦ ಮೈಕ್ರಾನಿಗಿಂತ ದೊಡ್ಡ ಕಣಗಳು ದೇಹದೊಳಗೆ ಹೀರಲ್ಪಡುವ ಸಂಭವವಿಲ್ಲವೆಂದೂ, ಅತಿಸೂಕ್ಷ್ಮ ಕಣಗಳ ವಿಷಯದಲ್ಲಿ ಇನ್ನೂ ಸಂಶೋಧನೆ ಆಗಬೇಕೆಂದೂ, ಜನರು ಮೊದಲು ಗಮನಿಸಬೇಕಾದುದು ನೀರಿನಿಂದ ಹರಡುವ ರೋಗಗಳ ಕ್ರಿಮಿಗಳನ್ನೆಂದೂ ಹೇಳಿತು. ೨೦೨೪ರಲ್ಲಿ ಇಟಲಿಯ ವೈದ್ಯರು, ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಯಾದ ೨೫೭ ಮಂದಿ ರೋಗಿಗಳನ್ನು ಪರೀಕ್ಷಿಸಿ, ೧೫೦ ಮಂದಿಯ ರಕ್ತನಾಳದ ಕಲ್ಮಷದಲ್ಲಿ ಪಾಲಿಥೀನನ್ನು ಕಂಡರು. ಅಂಥವರಲ್ಲಿ ಮುಂದೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಮರಣದ ಅಪಾಯವು ಉಳಿದವರಿಗಿಂತ ನಾಲ್ಕೂವರೆಯಷ್ಟಿತ್ತು. ಇದರಿಂದ ಪ್ಲಾಸ್ಟಿಕ್ಕೇ ಕಾರಣವೆಂದು ಸಿದ್ಧವಾಗುವುದಿಲ್ಲ; ಆದರೂ ಎಚ್ಚರಿಕೆಗೆ ಇಷ್ಟು ಸಾಕು.

ಬಾಟಲಿಯ ನೀರನ್ನು ಕೊಡೋಣವೇ ಎಂದು ಕೇಳಿದ ತಾಯಿತಂದೆಗಳಿಗೆ ಈಗ ಉತ್ತರ ಹೇಳಬಹುದು. ೨೦೧೮ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸಂಶೋಧಕರು ಭಾರತವೂ ಸೇರಿದಂತೆ ಒಂಬತ್ತು ದೇಶಗಳಿಂದ ತರಿಸಿದ ೨೫೯ ಬಾಟಲಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ೯೩ರಲ್ಲಿ ಪ್ಲಾಸ್ಟಿಕ್ ಕಣಗಳ ಗುರುತು ಕಂಡಿತು. ೨೦೨೪ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದವರು ಮೈಕ್ರಾನಿಗಿಂತಲೂ ಚಿಕ್ಕ ಕಣಗಳನ್ನು ಎಣಿಸುವ ಹೊಸ ವಿಧಾನದಿಂದ ಬಾಟಲಿಯ ನೀರನ್ನು ನೋಡಿ, ಲೀಟರಿಗೆ ಸುಮಾರು ೨ ಲಕ್ಷ ೪೦ ಸಾವಿರ ಕಣಗಳನ್ನು ಕಂಡರು. ಎಷ್ಟು ಚಿಕ್ಕ ಕಣದ ವರೆಗೆ ಎಣಿಸಿದರೆಂಬುದರ ಮೇಲೆ ಸಂಖ್ಯೆಯು ಬದಲಾಗುವುದರಿಂದ, ಇದನ್ನು ಮೇಲೆ ಹೇಳಿದ ಚೆಕ್ ದೇಶದ ಸಂಖ್ಯೆಯೊಡನೆ ಹೋಲಿಸತಕ್ಕದ್ದಲ್ಲ. ಆದರೆ ಪ್ಲಾಸ್ಟಿಕ್ಕಿಗೆ ಹೆದರಿ ಪ್ಲಾಸ್ಟಿಕ್ಕಿನೊಳಗಿನ ನೀರನ್ನೇ ಕೊಳ್ಳುವುದರಲ್ಲಿ ಅರ್ಥವಿಲ್ಲವೆಂಬುದು ಸ್ಪಷ್ಟ.

ಮನೆಯಲ್ಲಿ ಮಾಡಬಹುದಾದುದೇನು? ಮೊದಲಾಗಿ, ನೀರನ್ನು ಕುದಿಸಿ ಕುಡಿಯುವ ಹಳೆಯ ರೂಢಿಯನ್ನು ಬಿಡಬೇಡಿರಿ. ಕುದಿಸುವುದರಿಂದ ಕ್ರಿಮಿಗಳು ಸಾಯುವುದಲ್ಲದೆ ಇನ್ನೊಂದು ಲಾಭವೂ ಇದೆಯೆಂದು ಚೀನಾದ ಗ್ವಾಂಗ್ಝೌ ನಗರದ ಸಂಶೋಧಕರು ೨೦೨೪ರಲ್ಲಿ ತೋರಿಸಿದರು. ಗಡಸು ನೀರನ್ನು ಕುದಿಸಿದಾಗ ಪಾತ್ರೆಗೆ ಹತ್ತುವ ಬಿಳಿಯ ಸುಣ್ಣವು ಪ್ಲಾಸ್ಟಿಕ್ ಕಣಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ತಣಿಸಿ ಸೋಸಿದರೆ ನೂರಕ್ಕೆ ೯೦ರ ವರೆಗೂ ಕಣಗಳು ಹೋಗುತ್ತವೆ. ಮೆದು ನೀರಿನಲ್ಲಾದರೆ ನೂರಕ್ಕೆ ಸುಮಾರು ೨೫ ಮಾತ್ರ. ಇಲ್ಲಿ ಸುಣ್ಣವು ಮಾಡುವುದು ಕಬ್ಬಿಣವು ಮಾಡುವ ಕೆಲಸವನ್ನೇ. ಎರಡನೆಯದಾಗಿ, ಈ ಲೇಖನವನ್ನು ಓದಿ ಯಾರೂ ಅನ್ನಭೇದಿಯನ್ನಾಗಲಿ ಫೆರಿಕ್ ಕ್ಲೋರೈಡನ್ನಾಗಲಿ ಮನೆಯ ನೀರಿಗೆ ಹಾಕತಕ್ಕದ್ದಲ್ಲ. ಇವು ಅಳತೆ ತಪ್ಪಿದರೆ ಅಪಾಯಕರವಾದ ದ್ರವ್ಯಗಳು. ನಿತ್ಯವೂ ನೀರನ್ನು ಪರೀಕ್ಷಿಸುವ ಸ್ಥಾವರಗಳಿಗೆ ಮಾತ್ರ ತಕ್ಕವು. ಮೂರನೆಯದಾಗಿ, ದಿನವೂ ಉಡುವುದಕ್ಕೆ ಸಾಧ್ಯವಾದ ಮಟ್ಟಿಗೆ ಹತ್ತಿಯ ಬಟ್ಟೆಯನ್ನು ಆರಿಸಿಕೊಳ್ಳಿರಿ. ಒಗೆಯುವ ಯಂತ್ರದ ಜಾಲರಿಯಲ್ಲಿ ಸೇರಿದ ನವಿರಾದ ಎಳೆಯನ್ನು ಬಚ್ಚಲಿಗೆ ತೊಳೆದುಬಿಡದೆ ಕಸದೊಡನೆ ಹಾಕಿರಿ. ನಾಲ್ಕನೆಯದಾಗಿ, ಪ್ಲಾಸ್ಟಿಕ್ಕನ್ನು ತೋಡಿಗೆ ಎಸೆಯಬೇಡಿರಿ, ಅಂಗಳದಲ್ಲಿ ಸುಡಲೂ ಬೇಡಿರಿ. ಕರ್ನಾಟಕ ಸರಕಾರವು ೨೦೧೬ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಚೀಲ ಲೋಟಗಳನ್ನು ನಿಷೇಧಿಸಿತು. ಆದರೆ ಕೊಳ್ಳುವವರ ಕೈಯಲ್ಲಿ ಬಟ್ಟೆಯ ಚೀಲವಿಲ್ಲದಿದ್ದರೆ ಆಜ್ಞೆಯೊಂದರಿಂದಲೇ ಕಾರ್ಯವಾಗುವುದಿಲ್ಲ.

ಶಾಲೆಯ ಮಟ್ಟಿಗೆ ನಾವು ನಿಶ್ಚಯಿಸಿರುವುದು ಇಷ್ಟು. ಮಕ್ಕಳು ಕುಡಿಯುವ ನೀರನ್ನು ಕುದಿಸಿ, ಆರಿಸಿ, ಸೋಸಿ, ಸ್ಟೀಲಿನ ಹಂಡೆಗಳಲ್ಲಿ ತುಂಬಿಸಿಡಲಾಗುವುದು. ತಾಯಿತಂದೆಗಳು ದಯವಿಟ್ಟು ಮಕ್ಕಳಿಗೆ ಪ್ಲಾಸ್ಟಿಕ್ ಬಾಟಲಿಯ ಬದಲಾಗಿ ಒಂದು ಸ್ಟೀಲಿನ ಬಾಟಲಿಯನ್ನು ಕೊಡಿಸಬೇಕು. ಅದಕ್ಕೆ ಅನುಕೂಲವಿಲ್ಲದವರು ಸಂಕೋಚಪಡದೆ ತರಗತಿಯ ಉಪಾಧ್ಯಾಯಿನಿಗೆ ತಿಳಿಸಿದರೆ ಶಾಲೆಯೇ ಒದಗಿಸುವುದು. ಈ ನಿಧಿಗೆ ಸಹಾಯಮಾಡಲಿಚ್ಛಿಸುವ ಹಳೆಯ ವಿದ್ಯಾರ್ಥಿನಿಯರು ಕಚೇರಿಗೆ ಬರೆದು ತಿಳಿಸಬಹುದು. ಶಾಲೆಯಲ್ಲಿ ನಡೆಯುವ ಉತ್ಸವ ಕೂಟಗಳಲ್ಲಿ ಒಂದಾವರ್ತಿ ಬಳಸಿ ಎಸೆಯುವ ಲೋಟ ತಟ್ಟೆಗಳನ್ನು ಇನ್ನು ಉಪಯೋಗಿಸುವುದಿಲ್ಲ. ಮುಂದಿನ ವಾರ್ಷಿಕೋತ್ಸವಕ್ಕೆ ಬರುವ ನೀವೆಲ್ಲರೂ ನಿಮ್ಮ ನಿಮ್ಮ ಲೋಟವನ್ನು ಸಂಗಡ ತರಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇವೆ. ಒಂಬತ್ತನೆಯ ತರಗತಿಯ ಹುಡುಗಿಯರು ಆ ದಿನ ತಮ್ಮ ಜಾಡಿಗಳನ್ನು ಸಭಾಂಗಣದ ಬಾಗಿಲ ಬಳಿ ಇಟ್ಟು, ಕಬ್ಬಿಣವು ಮಾಡುವ ಕೆಲಸವನ್ನು ನಿಮಗೆ ತೋರಿಸಿಕೊಡುವರು.